ಕಿಟಕಿಗೆ ಎಷ್ಟು ಕೊಡಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಡಗಿನ ಪ್ರವಾಸದ ಬಗ್ಗೆ ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಸಂಕಟದವು. ಟಿಕೀಟು ತೆಗೆಸಿ ಆಗಿದೆ, ಆಮೇಲೆ ಫೋನೋ ಇಮೇಲೋ ಬಂದಿದೆ: ‘ಇನ್ನಷ್ಟು ಕೊಟ್ಟರೆ ಇದಕ್ಕಿಂತ ಒಳ್ಳೆಯ ಕ್ಯಾಬಿನ್.’ ಕೊಡಬೇಕೋ ಬೇಡವೋ? ಒಬ್ಬೊಬ್ಬರಿಗೆ ಒಂದೊಂದು ಉತ್ತರ, ಏಕೆಂದರೆ ದಾರಿ ಬೇರೆ, ಹಡಗು ಬೇರೆ, ಮಲಗುವವರು ಬೇರೆ.

ಪ್ರಶ್ನೆ: ಡಿಸೆಂಬರಿನಲ್ಲಿ ಗಂಡ-ಹೆಂಡತಿ ಇಬ್ಬರೂ ಮುಂಬೈ–ಗೋವಾ–ಮುಂಬೈ ಎರಡು ರಾತ್ರಿಯ ಹಡಗಿಗೆ ಹೊರಟಿದ್ದೇವೆ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಸಿಕ್ಕಿದೆ. ತಲಾ ರೂ. 6,000 ಕೊಟ್ಟರೆ ಸಮುದ್ರ ಕಾಣುವ ಕ್ಯಾಬಿನ್ ಕೊಡುತ್ತೇವೆ ಎನ್ನುತ್ತಿದ್ದಾರೆ. ಮೊದಲ ಸಲ ಹಡಗು ಹತ್ತುವವರು, ಆಸೆಯೂ ಇದೆ.
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಈ ದಾರಿಗೆ ಬೇಡ. ಲೆಕ್ಕ ಹಾಕಿ ನೋಡಿ. ಡಿಸೆಂಬರಿನಲ್ಲಿ ಮುಂಬೈಯಲ್ಲಿ ಸಂಜೆ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ, ಬೆಳಿಗ್ಗೆ ಏಳರ ಮೇಲೆ ಹುಟ್ಟುತ್ತದೆ. ಹಡಗು ಸಂಜೆ ಬಂದರು ಬಿಡುತ್ತದೆ, ಆಗ ಎಲ್ಲರೂ ಮೇಲಿನ ಬಯಲು ಅಂತಸ್ತಿನಲ್ಲಿ ನಿಂತು ಮುಂಬೈಯ ದೀಪ ನೋಡುತ್ತಿರುತ್ತಾರೆ, ನೀವೂ ಅಲ್ಲೇ ಇರುತ್ತೀರಿ. ಆಮೇಲೆ ಊಟ, ಆಟ, ನಿದ್ದೆ. ಕಿಟಕಿಯಾಚೆ ಕಪ್ಪು ಬಿಟ್ಟರೆ ಏನೂ ಇರುವುದಿಲ್ಲ. ಮರುದಿನ ಗೋವಾದಲ್ಲಿ ಹಡಗು ನಿಲ್ಲುವುದು ವಾಸ್ಕೊ ಪಕ್ಕದ ಮುರಗಾಂವ ಬಂದರಿನಲ್ಲಿ. ಅದು ಕಲ್ಲಿದ್ದಲು, ಅದಿರು ಸಾಗಿಸುವ ಬಂದರು. ರೊಕ್ಕ ಕೊಟ್ಟು ಕೊಂಡ ಕಿಟಕಿಯಲ್ಲಿ ಕ್ರೇನು, ಗೋದಾಮು ಕಂಡರೆ ಅಚ್ಚರಿಪಡಬೇಡಿ. ಎರಡನೆಯ ರಾತ್ರಿಯೂ ಮೊದಲನೆಯದರಂತೆಯೇ. ಒಟ್ಟಿನಲ್ಲಿ ಹಡಗು ಸಾಗುತ್ತಿರುವಾಗ, ಬೆಳಕಿರುವಾಗ, ನೀವು ಎಚ್ಚರವಾಗಿ ಖೋಲಿಯೊಳಗೆ ಇರುವ ಹೊತ್ತು ಬಹಳವೆಂದರೆ ಮೂರು ತಾಸು. ರೂ. 12,000ವನ್ನು ಮೂರರಿಂದ ಭಾಗಿಸಿ: ತಾಸಿಗೆ ರೂ. 4,000.

ಯಾವ ಹಡಗಿಗಾದರೂ ಹಾಕಬೇಕಾದ ಲೆಕ್ಕ ಇದೇ. ಎಷ್ಟು ರಾತ್ರಿ ಎಂದು ಎಣಿಸಬೇಡಿ, ಬೆಳಕಿನ ತಾಸು ಎಣಿಸಿ. ‘ರಾತ್ರಿಗೆ ಬರೀ ಮೂರು ಸಾವಿರ’ ಎಂದು ಮಾರುವವರು ಹೇಳುವುದು ರಾತ್ರಿಯ ಲೆಕ್ಕವನ್ನೇ, ರಾತ್ರಿ ಮಾತ್ರ ಕಿಟಕಿಗೆ ಕೆಲಸವಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಸಮುದ್ರ ಕಾಣುವ ಕ್ಯಾಬಿನ್ನಿನ ಕಿಟಕಿ ತೆರೆಯುವುದಿಲ್ಲ. ದಪ್ಪ ಗಾಜು ಕೂರಿಸಿ ಬಿಗಿದಿರುತ್ತಾರೆ, ಗಾಳಿ ಬರುವುದು ಎರಡೂ ಬಗೆಯ ಕ್ಯಾಬಿನ್ನಿಗೆ ಒಂದೇ ಏಸಿ ಕೊಳವೆಯಿಂದ. ಕೆಳಗಿನ ಅಂತಸ್ತುಗಳಲ್ಲಿ ಅದು ಗುಂಡಗಿನ ಸಣ್ಣ ಕಿಂಡಿಯಾಗಿರಬಹುದು, ಮೇಲೆ ಚೌಕಾಕಾರದ್ದು. ಹಣ ಕೊಡುವ ಮೊದಲು ‘ಯಾವ ಅಂತಸ್ತು, ಕಿಟಕಿಯ ಆಕಾರ ಯಾವುದು’ ಎಂದು ಕೇಳಿ. ಗಾಳಿ ಬೇಕೆಂದರೆ ಬಾಲ್ಕನಿ ಬೇಕು. ಮುಂಬೈಯಿಂದ ಓಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರ ಹಡಗು. ಸಾಲುಸಾಲು ಬಾಲ್ಕನಿ ಕಟ್ಟುವ ರೂಢಿ ಆಗ ಇರಲಿಲ್ಲ, ಹೀಗಾಗಿ ಅಂಥ ಹಳೆಯ ಹಡಗುಗಳಲ್ಲಿ ಬಾಲ್ಕನಿ ಬೇಕಾದವರು ಸೂಟಿನ, ಅಂದರೆ ದೊಡ್ಡ ದುಬಾರಿ ಖೋಲಿಯ, ದರಕ್ಕೇ ಏರಬೇಕಾಗುತ್ತದೆ. ಒಳಗಿನ ಕ್ಯಾಬಿನ್ನೂ ಚಿಕ್ಕದೇ. ನಮ್ಮ ಕಡೆಯ 10×12ರ ಖೋಲಿಯೊಳಗೇ ಬಚ್ಚಲು, ಕಪಾಟು, ಮಂಚ ಎಲ್ಲ ಸೇರಿಸಿದಂತೆ ಎಣಿಸಿಕೊಳ್ಳಿ. ದೊಡ್ಡ ಸೂಟ್‌ಕೇಸು ಬಿಟ್ಟು ಮಂಚದ ಕೆಳಗೆ ನುಗ್ಗುವ ಬ್ಯಾಗು ಒಯ್ಯಿರಿ.

ಒಳಗಿನ ಕ್ಯಾಬಿನ್ನಿನ ನಿಜವಾದ ತೊಂದರೆ ಕತ್ತಲೆ. ದೀಪ ಆರಿಸಿದರೆ ಕೈಗೆ ಕೈ ಕಾಣುವುದಿಲ್ಲ, ಬೆಳಗಾದದ್ದು ಗೊತ್ತಾಗುವುದಿಲ್ಲ. ಬಚ್ಚಲ ದೀಪ ಹಚ್ಚಿ ಬಾಗಿಲು ನಾಲ್ಕು ಬೆರಳು ಸರಿಸಿಡಿ. ಅನೇಕ ಹಡಗುಗಳ ಟಿವಿಯಲ್ಲಿ ಹಡಗಿನ ಮುಂದಿನ ಕ್ಯಾಮೆರಾದ ಚಾನೆಲ್ ಇರುತ್ತದೆ, ಸದ್ದು ಮುಚ್ಚಿ ಅದನ್ನು ಹಚ್ಚಿಟ್ಟರೆ ಬೆಳಗಾದದ್ದು ತಾನೇ ತಿಳಿಯುತ್ತದೆ. ಮುಚ್ಚಿದ ಖೋಲಿಯಲ್ಲಿ ಎದೆ ಬಿಗಿದಂತಾಗುವ ಸ್ವಭಾವ ನಿಮ್ಮಿಬ್ಬರಲ್ಲಿ ಯಾರಿಗಾದರೂ ಇದ್ದರೆ ಮೇಲಿನ ಲೆಕ್ಕವನ್ನೆಲ್ಲ ಮರೆತುಬಿಡಿ, ಆ ಹನ್ನೆರಡು ಸಾವಿರ ಕೊಟ್ಟುಬಿಡಿ.

ಕೊನೆಗೊಂದು ಮಾತು. ಚೋರ್ಲಾ ಘಾಟ ಇಳಿದರೆ ಮೂರು ತಾಸಿನಲ್ಲಿ ಗೋವಾ ಮುಟ್ಟುವ ಬೆಳಗಾವಿಯವರು ನೀವು. ಗೋವಾದಲ್ಲಿ ಇಳಿಯಲೇಬೇಕೆಂದೇನಿಲ್ಲ. ಉಳಿದವರೆಲ್ಲ ಇಳಿದು ಹೋದ ಆ ಹಗಲು ಹಡಗು ಬಿಕೋ ಎನ್ನುತ್ತದೆ, ಈಜುಕೊಳದ ಕುರ್ಚಿ ಬೇಕಾದ್ದು ಸಿಗುತ್ತದೆ. ಅದಕ್ಕೆ ಹೆಚ್ಚಿನ ದುಡ್ಡೂ ಇಲ್ಲ.

ಪ್ರಶ್ನೆ: ನಮ್ಮ ಮನಿಯವರಿಗೆ ಬಸ್ಸಿನ್ಯಾಗ ಕುಂತ್ರ ಸಾಕು, ವಾಂತಿ. ಈಗ ಮಕ್ಕಳು ಮುಂಬೈಯಿಂದ ಲಕ್ಷದ್ವೀಪಕ್ಕ ಹಡಗಿನ ಟಿಕೀಟು ತಗಿಸ್ಯಾರ. ಏಜೆಂಟ ‘ಎಲ್ಲಾಕಿಂತ ಮ್ಯಾಲಿನ, ಮುಂದಿನ ದೊಡ್ಡ ಖೋಲಿ ತಗೋರಿ, ತ್ರಾಸ ಆಗೂದಿಲ್ಲ’ ಅಂತಾನ. ರೊಕ್ಕ ಭಾಳ ಹೆಚ್ಚ ಐತಿ. ಅವ ಹೇಳೂದು ಖರೇನಾ?
– ಓದುಗರು, ಜಮಖಂಡಿ

ಉತ್ತರ: ಖರೆ ಅಲ್ಲ, ಪೂರಾ ತಿರುಗಾಮುರುಗಾ. ವಾಂತಿಯ ಸ್ವಭಾವದವರಿಗೆ ಹಡಗಿನ ಮುಂದಿನ ತುದಿಯ ಮೇಲಿನ ಅಂತಸ್ತು ಎಲ್ಲಕ್ಕಿಂತ ಕೆಟ್ಟ ಜಾಗ. ದರ ಹೆಚ್ಚಿರುವುದು ನೋಟಕ್ಕೆ, ನೆಮ್ಮದಿಗಲ್ಲ.

ಬಸ್ಸಿನ ಕಡೇ ಸೀಟಿನಲ್ಲಿ ಕುಂತವರು ತಗ್ಗಿನಲ್ಲಿ ಹಾರಿ ಬೀಳುತ್ತಾರೆ, ನಡುವಿನವರು ಬರೀ ಅಲುಗುತ್ತಾರೆ. ಹಡಗಿನದೂ ಇದೇ ಗಣಿತ. ಸುಮಾರು 200 ಮೀಟರ್ ಉದ್ದದ ಹಡಗು ಅಲೆಗೆ ಒಂದೇ ಒಂದು ಡಿಗ್ರಿ ಮುಂದೆ-ಹಿಂದೆ ತೂಗಿದರೂ ತುದಿಯ ಕ್ಯಾಬಿನ್ 1.7 ಮೀಟರಿನಷ್ಟು ಮೇಲೇರಿ ಅಷ್ಟೇ ಕೆಳಗಿಳಿಯುತ್ತದೆ. ನಡುಮಧ್ಯದಿಂದ 20 ಮೀಟರ್ ಒಳಗಿನ ಕ್ಯಾಬಿನ್ ಏರಿಳಿಯುವುದು 35 ಸೆಂಟಿಮೀಟರ್ ಮಾತ್ರ. ಎಡಬಲ ಹೊರಳುವುದಕ್ಕೆ ಎತ್ತರದ ಲೆಕ್ಕ: ಹಡಗು ಮೂರು ಡಿಗ್ರಿ ಹೊರಳಿದರೆ, ಅದು ಹೊರಳುವ ಅಚ್ಚಿನಿಂದ 30 ಮೀಟರ್ ಮೇಲಿರುವವರು ಒಂದೂವರೆ ಮೀಟರ್ ಪಕ್ಕಕ್ಕೆ ಜರುಗುತ್ತಾರೆ, 5 ಮೀಟರ್ ಮೇಲಿರುವವರು ಒಂದು ಗೇಣಿಗಿಂತ ತುಸು ಹೆಚ್ಚು. ಹಡಗಿನ ಹೊಟ್ಟೆಯ ಪಕ್ಕ ರೆಕ್ಕೆಗಳಿದ್ದು ಹೊರಳಾಟವನ್ನು ಬಹಳ ತಗ್ಗಿಸುತ್ತವೆ ನಿಜ, ಆದರೆ ಮುಂದೆ-ಹಿಂದೆ ತೂಗುವುದನ್ನು ಅವು ತಡೆಯಲಾರವು. ಹೀಗಾಗಿ ತುದಿಯವರಿಗೆ ಬಿಡುಗಡೆಯಿಲ್ಲ.

ನಿಮಗೆ ಬೇಕಾದದ್ದು ಉದ್ದದಲ್ಲಿ ನಡುವೆ, ಎತ್ತರದಲ್ಲಿ ಕೆಳಗೆ ಇರುವ ಕ್ಯಾಬಿನ್. ಬಹಳ ಸಲ ಅದು ಅಗ್ಗದ್ದೂ ಹೌದು. ಏಜೆಂಟರಿಂದ ಅಂತಸ್ತುಗಳ ನಕ್ಷೆ ತರಿಸಿಕೊಳ್ಳಿ. ನಡುವಿನ ಲಿಫ್ಟು ಹುಡುಕಿ, ಅದರಿಂದ ಎಂಟು-ಹತ್ತು ಬಾಗಿಲಿನ ಅಂತರದಲ್ಲಿ ಒಂದು ನಂಬರು ಹಿಡಿಯಿರಿ. ಆಮೇಲೆ ಅದರ ನೇರ ಮೇಲೆ, ನೇರ ಕೆಳಗೆ ಏನಿದೆ ನೋಡಿ. ಮೇಲೂ ಕೆಳಗೂ ಕ್ಯಾಬಿನ್ನುಗಳೇ ಇದ್ದರೆ ಉತ್ತಮ. ಮೇಲೆ ಈಜುಕೊಳದ ಅಂತಸ್ತಿದ್ದರೆ ನಸುಕಿಗೇ ಕುರ್ಚಿ ಎಳೆಯುವ ಸದ್ದು ಶುರು. ಅಡುಗೆಮನೆಯಿದ್ದರೆ ಗಾಡಿಗಳ ಗಡಗಡ. ಕೆಳಗೆ ನಾಟಕಶಾಲೆ ಅಥವಾ ಕುಣಿತದ ಹಾಲ್ ಇದ್ದರೆ ನಡುರಾತ್ರಿವರೆಗೆ ದಡಬಡ. ಹಡಗಿನ ತೀರಾ ಹಿಂದೆ ಎಂಜಿನ್ನಿನ ನಡುಕ, ತೀರಾ ಮುಂದೆ ಬಂದರು ಬಂದಾಗ ಲಂಗರಿನ ಸರಪಳಿಯ ಸದ್ದು. ಪಕ್ಕದ ಖೋಲಿಗೆ ಬಾಗಿಲಿರುವ ಜೋಡಿ ಕ್ಯಾಬಿನ್ನೂ ಬೇಡ, ಬಾಗಿಲ ಸಂದಿನಿಂದ ಅವರ ಟಿವಿ ನಿಮಗೂ ಕೇಳುತ್ತದೆ. ಸೂಟಿಗೆ ಕೊಡುವ ಹಣದ ಒಂದು ಚೂರು ಕೊಟ್ಟು ನಂಬರನ್ನು ನೀವೇ ಆರಿಸಿಕೊಳ್ಳುವ ಅವಕಾಶ ಸಿಕ್ಕರೆ, ನಿಮ್ಮ ಮಟ್ಟಿಗೆ ಅದೇ ನಿಜವಾದ ಅಪ್‌ಗ್ರೇಡು.

ಕಿಟಕಿ ಇದ್ದರೆ ಸ್ವಲ್ಪ ಅನುಕೂಲ. ದೂರದ ದಿಗಂತ ಕಂಡರೆ ಕಿವಿಯೊಳಗಿನ ಸಮತೋಲದ ಅಂಗ ಹೇಳುವುದೂ ಕಣ್ಣು ಹೇಳುವುದೂ ಒಂದೇ ಆಗುತ್ತದೆ, ಹೊಟ್ಟೆ ತೊಳಸುವುದು ತಗ್ಗುತ್ತದೆ. ಆದರೆ ಅದಕ್ಕೆ ದುಡ್ಡು ಸುರಿಯಬೇಕಿಲ್ಲ. ನಡುವಿನ ಅಂತಸ್ತಿನ ಬಯಲಿಗೆ ಬಂದು ಕುಂತು ದೂರ ನೋಡಿದರೂ ಅಷ್ಟೇ ಫಲ, ಮೇಲಾಗಿ ಗಾಳಿಯೂ ಸಿಗುತ್ತದೆ.

ಗುಳಿಗೆಯ ವಿಷಯ. ಪ್ರೊಮೆಥಜೀನ್ ಗುಳಿಗೆ, ಅಂದರೆ ಅವೊಮಿನ್ ಎಂಬ ಹೆಸರಿನಲ್ಲಿ ಸಿಗುವಂಥದ್ದು, ತೂಗಾಟ ಶುರುವಾಗುವ ಒಂದೆರಡು ತಾಸು ಮೊದಲೇ ಹೊಟ್ಟೆಯಲ್ಲಿರಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ. ಮಂಪರು ಬರುತ್ತದೆ. ಕಣ್ಣಿನ ಒತ್ತಡ, ಪ್ರಾಸ್ಟೇಟ್ ತೊಂದರೆ ಇರುವವರು ಮತ್ತು ವಯಸ್ಸಾದವರು ಮನೆಯ ಡಾಕ್ಟರರನ್ನು ಕೇಳದೆ ತೆಗೆದುಕೊಳ್ಳಬಾರದು. ಖಾಲಿ ಹೊಟ್ಟೆಯಲ್ಲಿ ಇರಬೇಡಿ, ಒಣ ಬಿಸ್ಕೀಟು, ತುಸು ಶುಂಠಿ ಜೊತೆಗಿರಲಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಕೆರಳಿರುತ್ತದೆ, ನವೆಂಬರಿನಿಂದ ಫೆಬ್ರುವರಿ ಸಾಮಾನ್ಯವಾಗಿ ಶಾಂತ. ತಾರೀಖು ಬದಲಿಸಲು ಬರುವಂತಿದ್ದರೆ ಕ್ಯಾಬಿನ್ ಬದಲಿಸುವುದಕ್ಕಿಂತ ಅದರಿಂದಲೇ ಲಾಭ ಹೆಚ್ಚು.

ಇದನ್ನೂ ಮೊದಲೇ ತಿಳಿದಿರಿ: ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಂಡೆಗೆ ಹತ್ತುವುದಿಲ್ಲ. ದೂರ ನಿಂತು, ಸಣ್ಣ ದೋಣಿಗಳಲ್ಲಿ ಜನರನ್ನು ಅಗತ್ತಿಯಂಥ ದ್ವೀಪಕ್ಕೆ ಒಯ್ಯುತ್ತಾರೆ. ತ್ರಾಸ ಹೆಚ್ಚಾಗುವುದು ಆ ದೋಣಿಯಲ್ಲೇ. ಅಲೆ ಜೋರಿದ್ದರೆ ದ್ವೀಪದ ನಿಲುಗಡೆಯನ್ನೇ ರದ್ದು ಮಾಡಿ ಹಡಗು ಮುಂದೆ ಹೋಗಲೂಬಹುದು.

ಪ್ರಶ್ನೆ: ಸಿಂಗಾಪುರದಿಂದ ನಾಲ್ಕು ರಾತ್ರಿಯ ಪ್ರವಾಸಕ್ಕೆ ನಾವಿಬ್ಬರು ಮತ್ತು ಹನ್ನೆರಡು ವರ್ಷದ ಮಗಳು ಒಂದೇ ಒಳಗಿನ ಕ್ಯಾಬಿನ್ ಬುಕ್ ಮಾಡಿದ್ದೇವೆ. ‘ಬಾಲ್ಕನಿಗೆ ಬಿಡ್ ಮಾಡಿ, ಕನಿಷ್ಠ 60 ಡಾಲರ್, ಗರಿಷ್ಠ 300’ ಎಂದು ಕಂಪನಿಯ ಇಮೇಲ್ ಬಂದಿದೆ. ಗೆರೆಯೊಂದನ್ನು ಸರಿಸಿದರೆ ‘ದುರ್ಬಲ’, ‘ಉತ್ತಮ’ ಎಂದೆಲ್ಲ ತೋರಿಸುತ್ತದೆ. ಎಷ್ಟಕ್ಕೆ ಕೂಗಬೇಕು?
– ಓದುಗರು, ವಿಜಯಪುರ

ಉತ್ತರ: ಒಣದ್ರಾಕ್ಷಿಯ ಲಿಲಾವಿನಲ್ಲಿ ಪಕ್ಕದವ ಎಷ್ಟು ಕೂಗಿದ ಎಂಬುದು ನಿಮ್ಮ ಕಿವಿಗೆ ಬೀಳುತ್ತದೆ. ಇದು ಹಾಗಲ್ಲ, ಮುಚ್ಚಿದ ಲಕೋಟೆಯ ಟೆಂಡರು. ಉಳಿದವರು ಎಷ್ಟು ಬರೆದರು, ಎಷ್ಟು ಖೋಲಿ ಖಾಲಿ ಇವೆ ಎಂಬುದು ಕಂಪನಿಗೆ ಮಾತ್ರ ಗೊತ್ತು. ಆ ಗೆರೆ ತೋರಿಸುವ ‘ಉತ್ತಮ’ವನ್ನು ಗೆಲ್ಲುವ ಭರವಸೆ ಎಂದು ಓದಬೇಡಿ. ಕನಿಷ್ಠ-ಗರಿಷ್ಠದ ನಡುವೆ ನಿಮ್ಮ ಅಂಕಿ ಎಲ್ಲಿ ನಿಂತಿದೆ ಎಂಬ ಸೂಚನೆ ಅದು, ನಿಮ್ಮ ಕೈ ಇನ್ನಷ್ಟು ಬಲಕ್ಕೆ ಸರಿಯಲಿ ಎಂದೇ ಇಟ್ಟದ್ದು.

ಮೊದಲು ಅಂಕಿಯ ಅರ್ಥ ಬಿಡಿಸಿಕೊಳ್ಳಿ. ಇಂಥ ಬಿಡ್ಡುಗಳಲ್ಲಿ ಬರೆಯುವ ಡಾಲರು ಸಾಮಾನ್ಯವಾಗಿ ತಲಾ ಲೆಕ್ಕ, ಅದೂ ಒಂದು ಕ್ಯಾಬಿನ್ನಿನ ಮೊದಲ ಇಬ್ಬರಿಗೆ. ಇಡೀ ಪ್ರವಾಸಕ್ಕೆ, ದಿನಕ್ಕಲ್ಲ. ಮೂರನೆಯವಳಾದ ಮಗಳಿಗೆ ಹೆಚ್ಚಾಗಿ ಹೊಸ ಶುಲ್ಕ ಹತ್ತುವುದಿಲ್ಲ. 70 ಬರೆದರೆ ಖೋಲಿಗೆ 140 ಡಾಲರ್. ಲೆಕ್ಕಕ್ಕೆ ಡಾಲರಿಗೆ ರೂ. 90 ಹಿಡಿದರೆ ರೂ. 12,600. ನಿಮ್ಮ ಬ್ಯಾಂಕಿನ ಕಾರ್ಡು ವಿದೇಶಿ ಹಣಕ್ಕೆ ಶೇ. 3.5 ಹಾಕುವುದಾದರೆ ಇನ್ನು ರೂ. 441, ಅದರ ಮೇಲೆ ಶೇ. 18 ಜಿಎಸ್‌ಟಿ ರೂ. 79. ಕೈಬಿಡುವುದು ರೂ. 13,120. ಈ ಮಾರ್ಕಪ್ ಇಲ್ಲದ ಕಾರ್ಡುಗಳೂ ಇವೆ, ಮನೆಯಲ್ಲಿ ಯಾರ ಬಳಿಯಾದರೂ ಇದ್ದರೆ ಅದನ್ನು ಬಳಸಿ.

ಮೇಲಿನ ಮಿತಿ ಹೀಗೆ ಹಾಕಿ. ಅದೇ ಹಡಗು, ಅದೇ ತಾರೀಖಿಗೆ ಬಾಲ್ಕನಿ ಇವತ್ತು ತಲಾ ಎಷ್ಟಿದೆ ಎಂದು ಕಂಪನಿಯ ತಾಣದಲ್ಲೇ ನೋಡಿ, ನೀವು ಕೊಟ್ಟದ್ದನ್ನು ಕಳೆಯಿರಿ. ನೀವು ಕೊಟ್ಟದ್ದು ತಲಾ 450, ಇವತ್ತಿನ ಬಾಲ್ಕನಿ 650 ಎಂದುಕೊಳ್ಳಿ. ಅಂತರ 200. ಆ 200 ಕೊಟ್ಟು ನೇರವಾಗಿ ಏರಿದರೆ ನಂಬರು ನಿಮ್ಮ ಕೈಯಲ್ಲಿ, ಅಂತಸ್ತು ನಿಮ್ಮ ಇಷ್ಟ. ಬಿಡ್ಡಿನಲ್ಲಿ ಅದೆರಡೂ ಇಲ್ಲ. ಅದಕ್ಕೇ ಅಂತರದ ಅರ್ಧಕ್ಕಿಂತ, ಅಂದರೆ ಇಲ್ಲಿ 100ಕ್ಕಿಂತ ಮೇಲೆ ಹೋಗುವುದು ಲುಕ್ಸಾನು ಎಂಬುದು ನಮ್ಮ ಅಭಿಪ್ರಾಯ. ಕನಿಷ್ಠದಲ್ಲೇ ನಿಲ್ಲುವವರ ಗುಂಪು ದೊಡ್ಡದಿರುತ್ತದೆ, 60 ಬಿಟ್ಟು 67 ಅಥವಾ 72 ಬರೆದು ಮರೆತುಬಿಡಿ. ಅಂತರವೇ 70 ಡಾಲರ್ ಇದ್ದರೆ ಬಿಡ್ ಎಂಬ ಆಟವೇ ಬೇಡ, ನೇರ ದರಕ್ಕೆ ಬದಲಿಸಿಕೊಳ್ಳಿ. ಕನಿಷ್ಠ ಬಿಡ್ಡಿಗಿಂತ ನೇರ ಬದಲಾವಣೆಯೇ ಅಗ್ಗವಾಗಿರುವ ದಿನಗಳೂ ಉಂಟು, ಇಮೇಲ್ ಮಾತ್ರ ಅದನ್ನು ಹೇಳುವುದಿಲ್ಲ.

ಎಡವುವ ಜಾಗಗಳು ಇನ್ನೂ ಇವೆ. ಕಂಪನಿ ಒಪ್ಪಿದ ಕ್ಷಣವೇ ಕಾರ್ಡಿನಿಂದ ಹಣ ಹೋಗುತ್ತದೆ, ಆಮೇಲೆ ‘ಬೇಡ’ ಎನ್ನಲು ಬರುವುದಿಲ್ಲ. ಒಪ್ಪುವ ಮೊದಲು ಅಂಕಿ ತಗ್ಗಿಸಬಹುದು, ವಾಪಸ್ ಪಡೆಯಬಹುದು. ಹಡಗು ಹೊರಡುವ ಎರಡು ದಿನ ಮೊದಲೂ ಉತ್ತರ ಬರಬಹುದು, ಅಷ್ಟರವರೆಗೆ ಕಾರ್ಡಿನಲ್ಲಿ ಮಿತಿ ಖಾಲಿ ಇಟ್ಟಿರಿ. ಸಿಗುವ ಬಾಲ್ಕನಿ ಹಡಗಿನ ಮೂತಿಯಲ್ಲಿರಬಹುದು, ಈಜುಕೊಳದ ಕೆಳಗಿರಬಹುದು. ಈಗಿನ ಕ್ಯಾಬಿನ್ ನೀವೇ ನೋಡಿ ಆರಿಸಿದ ನಡುಭಾಗದ್ದಾಗಿದ್ದರೆ ಎರಡು ಸಲ ಯೋಚಿಸಿ. ಬಂಧುಗಳ ಕ್ಯಾಬಿನ್ ಪಕ್ಕದಲ್ಲೇ ಇದ್ದರೆ ನೀವು ಮಾತ್ರ ಬೇರೆ ಅಂತಸ್ತಿಗೆ ಹೋಗುತ್ತೀರಿ. ಬಾಲ್ಕನಿಯ ದರದ ಜೊತೆ ಮಾರುವ ವೈಫೈ, ಪಾನೀಯದಂಥ ಕೊಡುಗೆಗಳು ಬಿಡ್ಡಿನಲ್ಲಿ ಗೆದ್ದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ, ಖೋಲಿ ಅಷ್ಟೇ ಬದಲಾಗುತ್ತದೆ. ಇನ್ನು ಸೂಟಿಗೆ ಬಿಡ್ ಹಾಕುವವರು ದಿನದ ಟಿಪ್ಪಿನ ದರ ನೋಡಿಕೊಳ್ಳಬೇಕು. ಅನೇಕ ಕಂಪನಿಗಳಲ್ಲಿ ಸೂಟಿನವರಿಗೆ ಅದು ಹೆಚ್ಚು, ತಲಾ ಹಿಡಿಯುತ್ತಾರೆ, ಮಕ್ಕಳನ್ನೂ ಸೇರಿಸಿ.

ಮಗಳ ಹಾಸಿಗೆಯನ್ನು ಮಾತ್ರ ಮರೆಯಬೇಡಿ. ಬಾಲ್ಕನಿ ಕ್ಯಾಬಿನ್ನುಗಳಲ್ಲಿ ಇಬ್ಬರದೂ ಇರುತ್ತವೆ, ಮೂವರದೂ ಇರುತ್ತವೆ. ಮೂರನೆಯ ಹಾಸಿಗೆ ಒಂದೋ ಸೋಫಾ ಬಿಚ್ಚಿದ್ದು, ಇಲ್ಲವೇ ಗೋಡೆಯಿಂದ ಇಳಿಸುವ ಮೇಲ್ಮಂಚ. ಸೋಫಾ ಬಿಚ್ಚಿದ ಮೇಲೆ ಬಾಲ್ಕನಿಯ ಬಾಗಿಲಿಗೆ ಹೋಗುವ ದಾರಿ ಮುಚ್ಚಿಹೋಗುವ ಕ್ಯಾಬಿನ್ನುಗಳೂ ಇವೆ. ಬಾಲ್ಕನಿ ಇದ್ದೂ ಮಗಳು ಏಳುವವರೆಗೆ ಒಳಗೇ ಕುಳಿತಂತೆ!

ನಿಮ್ಮ ದಾರಿ ಮಲಾಕ್ಕಾ ಜಲಸಂಧಿಯದಾದರೆ ಅಲ್ಲಿನ ನೀರು ಬಹುಪಾಲು ಶಾಂತ, ತೂಗಾಟದ ಚಿಂತೆ ಕಡಿಮೆ. ಇಡೀ ಹಗಲು ಹಡಗಿನಲ್ಲೇ ಕಳೆಯುವ ದಿನ ನಿಮ್ಮ ಪಟ್ಟಿಯಲ್ಲಿ ಎಷ್ಟಿವೆ ಎಣಿಸಿ. ಒಂದೇ ಇದ್ದರೆ 67ರ ಮೇಲೆ ಹೋಗಬೇಡಿ.

ಪ್ರಶ್ನೆ: ಮಗ ಸಿಯಾಟಲ್‌ನಲ್ಲಿದ್ದಾನೆ. ಜೂನಿನಲ್ಲಿ ನಮ್ಮಿಬ್ಬರನ್ನು ಏಳು ದಿನದ ಅಲಾಸ್ಕಾ ಹಡಗಿಗೆ ಕರೆದೊಯ್ಯುತ್ತಾನಂತೆ. ‘ಬಾಲ್ಕನಿಗೆ ತಲಾ 400 ಡಾಲರ್ ಹೆಚ್ಚು, ತೆಗೆಸಲೇ’ ಎಂದು ಕೇಳುತ್ತಿದ್ದಾನೆ. ನಮಗೆ ಮಗನ ಖರ್ಚು ಹೆಚ್ಚಿಸಲು ಸಂಕೋಚ.
– ನಿವೃತ್ತ ಶಿಕ್ಷಕರು, ಗೋಕಾಕ

ಉತ್ತರ: ಸಂಕೋಚ ಬಿಡಿ, ತೆಗೆಸಲಿ. ಮೊದಲ ಪ್ರಶ್ನೆಗೆ ಬೇಡ ಎಂದ ಲೆಕ್ಕವೇ ಇಲ್ಲಿ ಬೇಕು ಎನ್ನುತ್ತದೆ. ಜೂನಿನಲ್ಲಿ ಅಲಾಸ್ಕಾದ ಜೂನೋ ಪಟ್ಟಣದಲ್ಲಿ ನಸುಕಿನ ನಾಲ್ಕಕ್ಕೆ ಹೊತ್ತು ಹುಟ್ಟಿ ರಾತ್ರಿ ಹತ್ತಕ್ಕೆ ಮುಳುಗುತ್ತದೆ. ಹದಿನೆಂಟು ತಾಸು ಬೆಳಕು. ಎರಡೂ ಕಡೆ ಹಿಮದ ಬೆಟ್ಟ, ದೇವದಾರಿನಂಥ ಕಾಡು, ಅದೃಷ್ಟವಿದ್ದರೆ ತಿಮಿಂಗಿಲದ ಬೆನ್ನು. ದಿನಕ್ಕೆ ನಾಲ್ಕೇ ತಾಸು ಬಾಲ್ಕನಿಯಲ್ಲಿ ಕುಳಿತರೂ ಏಳು ದಿನಕ್ಕೆ 28 ತಾಸು. 800 ಡಾಲರನ್ನು ಅದರಿಂದ ಭಾಗಿಸಿದರೆ ತಾಸಿಗೆ 29ಕ್ಕೂ ಕಡಿಮೆ, ಅದೂ ಇಬ್ಬರಿಗೆ. ಇದಕ್ಕಿಂತ ಮುಖ್ಯವಾದದ್ದು ಚಳಿ. ಬೇಸಿಗೆಯಲ್ಲೂ ಅಲ್ಲಿ ಹಗಲು 10ರಿಂದ 18 ಡಿಗ್ರಿ, ಹಿಮನದಿಯ ಮುಂದೆ ಗಾಳಿ ಇನ್ನೂ ಕೊರೆಯುತ್ತದೆ. ಗೋಕಾಕದ ಬಿಸಿಲಿಗೆ ಒಗ್ಗಿದ ಮೈ ಮೇಲಿನ ಬಯಲಿನಲ್ಲಿ ತಾಸುಗಟ್ಟಲೆ ನಿಲ್ಲಲಾರದು. ಬಾಲ್ಕನಿ ಇದ್ದರೆ ಶಾಲು ಹೊದ್ದು ಹತ್ತು ನಿಮಿಷ ನೋಡಿ, ಒಳಗೆ ಬಂದು ಚಹಾ ಕುಡಿದು, ಮತ್ತೆ ಹೊರಗೆ ಹೋಗಬಹುದು.

ಆದರೆ ಬಾಲ್ಕನಿಗಿಂತ ಮೊದಲು ಮಗ ಎರಡು ಸಂಗತಿ ನೋಡಲಿ. ಒಂದು, ದಾರಿಪಟ್ಟಿಯಲ್ಲಿ ‘ಗ್ಲೇಸಿಯರ್ ಬೇ’ ಎಂಬ ಹೆಸರಿದೆಯೇ. ಆ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗಿಗೆ ಅನುಮತಿ, ಆದ್ದರಿಂದ ಎಲ್ಲ ಹಡಗೂ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿಗೆ ಹೋಗುವ ಹಡಗಿನ ಒಳಗಿನ ಕ್ಯಾಬಿನ್ನೋ, ಹೋಗದ ಹಡಗಿನ ಬಾಲ್ಕನಿಯೋ ಎಂದರೆ ನಮ್ಮ ಮತ ಮೊದಲನೆಯದಕ್ಕೆ. ಎಡಬದಿಯೋ ಬಲಬದಿಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಹಿಮನದಿಯ ಮುಂದೆ ನಿಂತು ಹಡಗು ನಿಧಾನಕ್ಕೆ ತಿರುಗುತ್ತದೆ, ಎರಡೂ ಬದಿಯವರಿಗೆ ಪಾಲು ಸಿಗುತ್ತದೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವುದರಿಂದ ಹೋಗುವಾಗ ತಪ್ಪಿದ್ದು ಬರುವಾಗ ಕಾಣುತ್ತದೆ.

ಎರಡು, ಕೆನಡಾ ವೀಸಾ. ಸಿಯಾಟಲ್‌ನ ಅಲಾಸ್ಕಾ ಹಡಗುಗಳು ದಾರಿಯಲ್ಲಿ ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ಕೆಲ ತಾಸು ನಿಲ್ಲುತ್ತವೆ. ಕಾರಣ 1886ರ ಒಂದು ಅಮೆರಿಕನ್ ಕಾನೂನು: ವಿದೇಶಿ ಧ್ವಜದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಜನರನ್ನು ಸಾಗಿಸುವಂತಿಲ್ಲ, ನಡುವೆ ಪರದೇಶದ ಬಂದರು ಮುಟ್ಟಲೇಬೇಕು. ಭಾರತದ ಪಾಸ್‌ಪೋರ್ಟಿನವರು ಹಡಗಿನಿಂದ ಇಳಿಯದಿದ್ದರೂ ವೀಸಾ ಇಲ್ಲದೆ ಹತ್ತಿಸಿಕೊಳ್ಳುವುದು ಕಷ್ಟ. ಅಮೆರಿಕದ ವೀಸಾ ಕೂಡ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ನಡೆಯುವಂಥದ್ದಿರಬೇಕು. ಇವೆರಡೂ ಕೈಗೆ ಬರುವವರೆಗೆ ವಾಪಸ್ ಬಾರದ ದರದಲ್ಲಿ ಬಾಲ್ಕನಿ ತೆಗೆಸುವುದು ಬೇಡ.

ಹಡಗು ಸಿಯಾಟಲ್ ಬಿಟ್ಟ ಮೇಲೆ ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಶಾಂತಸಾಗರದಲ್ಲಿ ಸಾಗುತ್ತದೆ. ಹೆಸರಷ್ಟೇ ಶಾಂತ. ಆ ಒಂದು ದಿನಕ್ಕೆ ಜಮಖಂಡಿಯವರಿಗೆ ಹೇಳಿದ ‘ನಡುವೆ, ಕೆಳಗೆ’ ಎಂಬ ಮಾತು ನಿಮಗೂ ಅನ್ವಯ. ಬಾಲ್ಕನಿ ತೆಗೆಸುವಾಗ ಬಾಲ್ಕನಿಗಳ ಸಾಲಿನಲ್ಲಿ ಎಲ್ಲಕ್ಕಿಂತ ಕೆಳಗಿನ ಅಂತಸ್ತು ಕೇಳಲಿ.

ಪ್ರಶ್ನೆ: ತಾಯಿ ಗಾಲಿಕುರ್ಚಿಯಲ್ಲಿದ್ದಾರೆ. ದೊಡ್ಡ ಸೂಟ್ ತೆಗೆಸಿದರೆ ಅನುಕೂಲವಾಗುತ್ತದಲ್ಲವೇ?
– ಓದುಗರು, ಮುಧೋಳ

ಉತ್ತರ: ಆಗಲೇಬೇಕೆಂದಿಲ್ಲ. ಸೂಟಿನೊಳಗೆ ಜಾಗ ಹೆಚ್ಚು, ಬಾಗಿಲು ಮಾತ್ರ ಉಳಿದವರದಷ್ಟೇ ಕಿರಿದಾಗಿರಬಹುದು. ಸಾಮಾನ್ಯ ಕ್ಯಾಬಿನ್ನಿನ ಬಾಗಿಲು 22–24 ಇಂಚು, ಗಾಲಿಕುರ್ಚಿ 24–26 ಇಂಚು. ಬಚ್ಚಲಿಗೆ ನಾಲ್ಕಾರು ಇಂಚಿನ ಹೊಸ್ತಿಲು, ಬಾಲ್ಕನಿಗೂ ಅಂಥದೇ. ನೀವು ಕೇಳಬೇಕಾದದ್ದು ಅಂಗವಿಕಲರಿಗೆಂದೇ ಕಟ್ಟಿದ ಕ್ಯಾಬಿನ್: ಅಗಲ ಬಾಗಿಲು, ಹೊಸ್ತಿಲಿಲ್ಲದ ಬಚ್ಚಲು, ಹಿಡಿಗಂಬಿ, ಕೂತು ಸ್ನಾನ ಮಾಡುವ ಪೀಠ. ಇದಕ್ಕೆ ಸೂಟಿನ ದರ ಬೇಕಿಲ್ಲ, ಒಳಗಿನ ಅಗ್ಗದ ವರ್ಗದಲ್ಲೂ ಇರುತ್ತವೆ. ಆದರೆ ಒಂದು ಹಡಗಿಗೆ ಕೆಲವೇ. ಆರೆಂಟು ತಿಂಗಳು ಮೊದಲೇ ಕಂಪನಿಗೆ ಬರೆದು ಕೇಳಿ, ವೈದ್ಯರ ಪತ್ರ ಜೊತೆಗಿಡಿ. ಕುರ್ಚಿಯ ಅಗಲವನ್ನು ಗಾಲಿಯ ಹೊರಅಂಚಿನಿಂದ ಹೊರಅಂಚಿಗೆ ಅಳೆದು ಬರೆಯಿರಿ, ಸೀಟಿನ ಅಗಲ ಬರೆದು ಮೋಸ ಹೋಗುವವರು ಬಹಳ. ಬ್ಯಾಟರಿಯ ಕುರ್ಚಿಯಾದರೆ ಅದನ್ನೂ ತಿಳಿಸಿ. ಸಣ್ಣ ದೋಣಿಯಲ್ಲಿ ದಂಡೆಗೆ ಇಳಿಸುವ ನಿಲುಗಡೆಗಳಲ್ಲಿ ತಾಯಿ ಇಳಿಯಲಾರರು. ಹಡಗು ಕಟ್ಟೆಗೇ ಹತ್ತಿ ನಿಲ್ಲುವ ಬಂದರುಗಳ ದಾರಿ ಆರಿಸಿ. ಕ್ಯಾಬಿನ್ ಲಿಫ್ಟಿಗೆ ಹತ್ತಿರವಿರಲಿ, ಎದುರಿಗೆ ಬೇಡ.

ಪ್ರಶ್ನೆ: ನಮ್ಮದು ಎರಡು ಮನೆ ಸೇರಿ ಎಂಟು ಮಂದಿ, ನಾಲ್ವರು ಮಕ್ಕಳು. ಒಂದು ದೊಡ್ಡ ಸೂಟೋ, ಬೇರೆ ಬೇರೆ ಕ್ಯಾಬಿನ್ನೋ?
– ಓದುಗರು, ಬಾಗಲಕೋಟೆ

ಉತ್ತರ: ಬೇರೆ ಬೇರೆ. ಎಂಟು ಮಂದಿಗೆ ಒಂದೇ ಬಚ್ಚಲಾದರೆ ಬೆಳಗಿನ ತಿಂಡಿಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಊಟ ಬಡಿಸುತ್ತಿರುತ್ತಾರೆ. ಓಣಿಯ ಈ ಕಡೆ ದೊಡ್ಡವರಿಗೆ ಒಂದು ಬಾಲ್ಕನಿ ಕ್ಯಾಬಿನ್, ಎದುರಿಗೇ ಮಕ್ಕಳಿಗೆ ಒಳಗಿನ ಕ್ಯಾಬಿನ್. ಪ್ರತಿ ಮನೆಗೆ ಇಂಥ ಜೋಡಿ ಹಿಡಿದರೆ ಎರಡು ಬಾಲ್ಕನಿಯನ್ನು ಎಂಟೂ ಮಂದಿ ಬಳಸಬಹುದು, ಬಚ್ಚಲು ನಾಲ್ಕು ಸಿಗುತ್ತವೆ. ಬುಕಿಂಗಿನಲ್ಲಿ ಮಾತ್ರ ಪ್ರತಿ ಕ್ಯಾಬಿನ್ನಿನಲ್ಲಿ ಒಬ್ಬ ದೊಡ್ಡವರ ಹೆಸರು ಇರಬೇಕೆಂಬ ನಿಯಮ ಕೆಲವು ಕಂಪನಿಗಳಲ್ಲಿದೆ, ಎದುರುಬದುರಾಗಿದ್ದರೆ ವಿನಾಯಿತಿ ಕೊಡುವುದೂ ಉಂಟು. ಕೇಳಿ. ಮೂರು-ನಾಲ್ಕನೆಯವರ ದರ ಮೊದಲಿಬ್ಬರಿಗಿಂತ ಕಡಿಮೆ ಇರುವುದರಿಂದ, ನಾಲ್ವರನ್ನು ಒಂದೇ ಕ್ಯಾಬಿನ್ನಿನಲ್ಲಿ ತುಂಬಿದರೂ ಇಬ್ಬಿಬ್ಬರಂತೆ ಎರಡಾಗಿ ಹಂಚಿದರೂ ಎಷ್ಟಾಗುತ್ತದೆಂದು ಎರಡೂ ಲೆಕ್ಕ ತರಿಸಿ ನೋಡಿ. ಬಂದರು ಶುಲ್ಕ, ಟಿಪ್ಪು ಸೇರಿಸಿದ ಪೂರ್ತಿ ಮೊತ್ತವನ್ನೇ ಹೋಲಿಸಬೇಕು.

ಪ್ರಶ್ನೆ: ಟಿಕೀಟಿನಲ್ಲಿ ‘ನೋಟಕ್ಕೆ ಅಡ್ಡಿ ಇದೆ’ ಎಂದು ಬರೆದಿದ್ದಾರೆ. ದರ ಮಾತ್ರ ಒಳಗಿನ ಕ್ಯಾಬಿನ್ನಿಗಿಂತ ಸ್ವಲ್ಪವೇ ಹೆಚ್ಚು. ಏನಿದು?
– ಓದುಗರು, ಇಂಡಿ

ಉತ್ತರ: ಕಿಟಕಿಯ ಮುಂದೆ ಅಪಾಯಕಾಲದ ದೋಣಿ ತೂಗುಬಿಟ್ಟಿರುತ್ತಾರೆ. ಕೆಲವು ಕಡೆ ಪೂರ್ತಿ ಮರೆ, ಕೆಲವು ಕಡೆ ದೋಣಿಯ ಕೇಸರಿ ಚಾವಣಿ ಕೆಳಗೆ, ಅದರ ಮೇಲೆ ಸಮುದ್ರ. ನಂಬರು ಹಿಡಿದು ನಕ್ಷೆಯಲ್ಲಿ ದೋಣಿಗಳ ಗುರುತು ನೋಡಿ. ಎರಡು ದೋಣಿಗಳ ನಡುವಿನ ಸಂದಿಗೆ ನಿಮ್ಮ ಕಿಟಕಿ ಬಂದರೆ ಅದು ಭರ್ತಿ ಲಾಭದ ವ್ಯವಹಾರ. ದೋಣಿ ಅಡ್ಡ ಬಂದರೂ ಹಗಲಿನ ಬೆಳಕಂತೂ ಒಳಗೆ ಬರುತ್ತದೆ, ಕತ್ತಲೆಗೆ ಹೆದರುವವರಿಗೆ ಅಷ್ಟು ಸಾಕು.

ಪ್ರಶ್ನೆ: ಸೂಟಿನವರು ಕ್ಯಾಬಿನ್ನಿನಲ್ಲಿ ನೀರು ಕಾಯಿಸಿಕೊಳ್ಳಬಹುದೇ? ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಬೇಕೆಂದಿದೆ.
– ಓದುಗರು, ಅಥಣಿ

ಉತ್ತರ: ಕೆಟಲ್, ಇಸ್ತ್ರಿ, ಕರೆಂಟಿನ ಒಲೆ, ಎಕ್ಸ್‌ಟೆನ್ಷನ್ ಬೋರ್ಡು – ಬೆಂಕಿಯ ಭಯಕ್ಕೆ ಇವು ಯಾವ ದರ್ಜೆಯವರಿಗೂ ನಿಷಿದ್ಧ, ಹತ್ತುವಾಗಲೇ ತೆಗೆದಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. ಹಡಗಿನವರೇ ಇಟ್ಟ ಕೆಟಲ್ ಇದ್ದರೆ ಬಳಸಿ, ಇಲ್ಲವಾದರೆ ಬಿಸಿನೀರು ಕೇಳಿದಾಗ ತಂದುಕೊಡುತ್ತಾರೆ. ಮನೆಯಲ್ಲಿ ಮಾಡಿದ ಅಡುಗೆಯನ್ನು ಹೆಚ್ಚಿನ ಹಡಗುಗಳು ಬಿಡುವುದಿಲ್ಲ. ಕಾರ್ಖಾನೆಯಲ್ಲಿ ಸೀಲು ಮಾಡಿದ ಒಣ ಪೊಟ್ಟಣಕ್ಕೆ ತಕರಾರು ಕಡಿಮೆ. ಆದ್ದರಿಂದ ಮನೆಯ ಡಬ್ಬಿ ಬಿಟ್ಟು, ಅಂಗಡಿಯಲ್ಲಿ ಸಿಗುವ ಸೀಲು ಹಾಕಿದ ಚಟ್ನಿಪುಡಿ, ರೊಟ್ಟಿಯ ಪೊಟ್ಟಣ ಕೊಳ್ಳಿ, ದರ ಮತ್ತು ತಾರೀಖಿನ ಚೀಟಿ ಹರಿಯಬೇಡಿ. ಅವನ್ನು ಹಡಗಿನಲ್ಲೇ ತಿಂದು ಮುಗಿಸಿ, ಪರದೇಶದ ಬಂದರಿನಲ್ಲಿ ಇಳಿಯುವಾಗ ಕೈಚೀಲದಲ್ಲಿ ಉಳಿದಿರಬಾರದು.